11 ತಿಂಗಳ ರೆಡಿಮೇಡ್ ಬಾಡಿಗೆ ಕರಾರು: ಅವಧಿ ಮುಗಿದ ದಿನ ಎಷ್ಟು ಕೆಲಸಕ್ಕೆ ಬರುತ್ತದೆ?

ಸಬ್ ರಿಜಿಸ್ಟ್ರಾರ್ ಕಚೇರಿ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಸಿಗುವುದೂ ಇದೇ, ಮನೆ ಬಾಗಿಲಿಗೆ ತಂದುಕೊಡುವ ಆನ್‌ಲೈನ್ ಸೇವೆಯವರು ಕಳಿಸುವುದೂ ಇದೇ. ಮೇಲೊಂದು ಇ-ಸ್ಟಾಂಪ್ ಹಾಳೆ, ಅದರ ಹಿಂದೆ ಎರಡು ಪುಟ, ಹತ್ತು ಹದಿನಾಲ್ಕು ಷರತ್ತು, ಕೊನೆಯಲ್ಲಿ ಇಬ್ಬರು ಸಾಕ್ಷಿಗಳ ಸಹಿಗೆ ಜಾಗ. ಹೆಸರು, ವಿಳಾಸ, ಬಾಡಿಗೆ, ಅಡ್ವಾನ್ಸ್, ತಾರೀಖು ಹೇಳಿದರೆ ಸ್ವಲ್ಪ ಹೊತ್ತಿನಲ್ಲೇ ಪ್ರಿಂಟ್ ಕೈಗೆ ಬರುತ್ತದೆ. ಕರ್ನಾಟಕದಲ್ಲಿ ಬಾಡಿಗೆ ಮನೆ ಹಿಡಿಯುವವರು ಸಾಮಾನ್ಯವಾಗಿ ಸಹಿ ಹಾಕುವುದು ಈ ನಮೂನೆಗೇ. ಹಾಗಾಗಿ ಒಂದು ಅಂಗಡಿಯನ್ನೋ ಒಂದು ವೆಬ್‌ಸೈಟನ್ನೋ ಹಿಡಿದು ಹೇಳದೆ ಈ ನಮೂನೆಯನ್ನೇ ಇಲ್ಲಿ ಪರೀಕ್ಷೆಗೆ ಒಡ್ಡಲಾಗಿದೆ.

ಮನೆಗೆ ಸೇರುವ ದಿನದ ಮಟ್ಟಿಗೆ ಇದರ ಮೇಲೆ ದೂರಿಲ್ಲ. ಬಾಡಿಗೆ ಎಷ್ಟು, ತಿಂಗಳ ಯಾವ ತಾರೀಖಿನೊಳಗೆ ಕಟ್ಟಬೇಕು, ಕರೆಂಟ್ ಬಿಲ್ ಯಾರ ಪಾಲು, ಮನೆಯನ್ನು ಬೇರೆಯವರಿಗೆ ಮೇಲ್ಬಾಡಿಗೆಗೆ ಕೊಡಬಹುದೇ ಎಂಬುದೆಲ್ಲ ಸ್ಪಷ್ಟವಾಗಿಯೇ ಇರುತ್ತದೆ. ಗ್ಯಾಸ್ ಕನೆಕ್ಷನ್‌ಗೆ, ಕೆಲಸದ ಜಾಗದಲ್ಲಿ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ತೋರಿಸುವುದಕ್ಕೆ ಸಾಕಾಗುತ್ತದೆ. ಆದರೆ ಬಾಡಿಗೆ ಕರಾರಿನ ಗಟ್ಟಿತನ ಗೊತ್ತಾಗುವುದು ಹನ್ನೊಂದನೇ ತಿಂಗಳ ಕೊನೆಯ ದಿನ. ಓನರ್‌ಗೂ ಬಾಡಿಗೆದಾರರಿಗೂ ಜಗಳ ಹತ್ತುವುದು ಆ ದಿನದ ಆಚೀಚೆಯೇ, ಮತ್ತು ಸರಿಯಾಗಿ ಅಲ್ಲೇ ಈ ಕಾಗದ ಬಾಯಿ ಮುಚ್ಚಿಕೊಂಡು ಕೂರುತ್ತದೆ. ಐದಕ್ಕೆ ಎರಡು ಅಂಕ ಕೊಡಬಹುದು. ಸಹಿ ಹಾಕುವ ಮೊದಲು ಆರು ವಾಕ್ಯ ಟೈಪ್ ಮಾಡಿಸಿಕೊಂಡರೆ ಇದೇ ಕಾಗದ ನಾಲ್ಕು ಅಂಕಕ್ಕೆ ಯೋಗ್ಯವಾಗುತ್ತದೆ. ಆ ವಾಕ್ಯಗಳು ಕೆಳಗಿವೆ. ಅವು ಏಕೆ ಬೇಕು ಎಂಬುದು ಮೊದಲು.

ಹನ್ನೊಂದರ ಲೆಕ್ಕ

1908ರ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು (ಕಾನೂನಿನ ಭಾಷೆಯಲ್ಲಿ ಬಾಡಿಗೆ ಕರಾರೂ ಗುತ್ತಿಗೆಯೇ) ರಿಜಿಸ್ಟರ್ ಮಾಡಿಸಲೇಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 107ನೇ ಕಲಂ ಹೇಳುವುದೂ ಅದನ್ನೇ. ಆ ಖರ್ಚು, ಓಡಾಟ ಬೇಡ ಎಂದು ಹುಟ್ಟಿಕೊಂಡದ್ದು ಹನ್ನೊಂದು ತಿಂಗಳು. ನಿಖರವಾಗಿ ಹನ್ನೆರಡು ತಿಂಗಳಾದರೂ 'ಒಂದು ವರ್ಷ ಮೀರಿದ್ದು' ಆಗುವುದಿಲ್ಲ. ತಾರೀಖಿನಲ್ಲಿ ಒಂದು ದಿನ ಹೆಚ್ಚುಕಮ್ಮಿಯಾದರೆ ತೊಂದರೆ ಎಂದು ಒಂದು ತಿಂಗಳು ಹಿಂದಕ್ಕೆ ಸರಿದು ನಿಂತಿದ್ದಾರೆ, ಅಷ್ಟೇ.

ಕೆಲವು ಅಂಗಡಿಯವರು ಗಿರಾಕಿಗೆ ಅನುಕೂಲವಾಗಲಿ ಎಂದು 'ಅವಧಿ 11 ತಿಂಗಳು, ನಂತರ ತಾನಾಗಿಯೇ ಮೂರು ವರ್ಷ ಮುಂದುವರಿಯತಕ್ಕದ್ದು' ಎಂದು ಸೇರಿಸುತ್ತಾರೆ. ಇದು ಅಪಾಯದ ವಾಕ್ಯ. ಒಟ್ಟು ಅವಧಿ ವರ್ಷ ಮೀರಿತು, ಕಾಗದ ರಿಜಿಸ್ಟರ್ ಆಗಿಲ್ಲ ಎಂಬ ತಕರಾರಿಗೆ ಅದು ಬಾಗಿಲು ತೆರೆದಿಟ್ಟಂತೆ. ರಿಜಿಸ್ಟರ್ ಆಗದ ದೀರ್ಘಾವಧಿ ಗುತ್ತಿಗೆಯನ್ನು ಕೋರ್ಟು ಆ ಅವಧಿಯ ಗುತ್ತಿಗೆ ಎಂದು ಒಪ್ಪುವುದಿಲ್ಲ. ಸ್ವಾಧೀನ ಕೊಟ್ಟು ಬಾಡಿಗೆ ಪಡೆದಿದ್ದರೆ ಅದನ್ನು ತಿಂಗಳ ಲೆಕ್ಕದ ಬಾಡಿಗೆ ಎಂದು ನೋಡುತ್ತದೆ. ಅಂದರೆ ಮೂರು ವರ್ಷದ ಭದ್ರತೆ ಇದೆ ಎಂದುಕೊಂಡವರ ಕೈಯಲ್ಲಿ ಉಳಿಯುವುದು 15 ದಿನದ ನೋಟಿಸ್ ಮಾತ್ರ. ನೋಟರಿ ಸೀಲು ಹಾಕಿಸಿದರೂ ಇದು ಬದಲಾಗದು. ನೋಟರಿ ದೃಢೀಕರಣವೇ ಬೇರೆ, ರಿಜಿಸ್ಟ್ರೇಷನ್ನೇ ಬೇರೆ. ನೋಟರಿ ಮಾಡಿಸಿಕೊಟ್ಟು 'ರಿಜಿಸ್ಟರ್ಡ್ ಅಗ್ರಿಮೆಂಟ್' ಎಂದು ಹೇಳುವ ಸೇವೆಯನ್ನು ದೂರವಿಡಿ.

ಆ ಒಂದೇ ಸಾಲು

ಈ ನಮೂನೆಯಲ್ಲಿ ಅವಧಿ ಮುಗಿಯುವುದರ ಬಗ್ಗೆ ಇರುವುದು ಸಾಮಾನ್ಯವಾಗಿ ಇಷ್ಟೇ: 'ಸದರಿ ಕರಾರಿನ ಅವಧಿಯು 11 ತಿಂಗಳುಗಳಾಗಿದ್ದು, ನಂತರ ಉಭಯತ್ರರ ಒಪ್ಪಿಗೆ ಮೇರೆಗೆ ಶೇ 5ರಷ್ಟು ಬಾಡಿಗೆ ಹೆಚ್ಚಳದೊಂದಿಗೆ ಮುಂದುವರಿಸಬಹುದಾಗಿದೆ.'

ಓದಲು ಚೆಂದ. ಈಗ ಒಂದೊಂದೇ ಪದ ಹಿಡಿದು ನೋಡಿ. 'ಒಪ್ಪಿಗೆ' ಬಾಯಿಮಾತಿನದೋ ಬರಹದ್ದೋ? ಎಷ್ಟು ದಿನ ಮುಂಚೆ ತಿಳಿಸಬೇಕು? ಒಬ್ಬರು ಕೇಳಿ ಇನ್ನೊಬ್ಬರು ಉತ್ತರಿಸದೆ ಇದ್ದರೆ ಅದು ಒಪ್ಪಿಗೆಯೋ ನಿರಾಕರಣೆಯೋ? 'ಮುಂದುವರಿಸಬಹುದು' ಎಂದರೆ ಇದೇ ಕರಾರಿನ ವಿಸ್ತರಣೆಯೋ, ಹೊಸ ಕರಾರೋ? ಕಾನೂನಿನಲ್ಲಿ ಇವೆರಡು ಒಂದಲ್ಲ. ವಿಸ್ತರಣೆ ಎಂದರೆ ಹಳೆಯ ಗುತ್ತಿಗೆಯೇ ಉದ್ದವಾಗುವುದು. ನವೀಕರಣ ಎಂದರೆ ಹೊಸ ಗುತ್ತಿಗೆ, ಅದಕ್ಕೆ ಹೊಸ ಪತ್ರ ಬೇಕು. ಇನ್ನು ಶೇ 5 ತಾನಾಗಿ ಏರುತ್ತದೋ, ಹೊಸ ಕಾಗದ ಆದರೆ ಮಾತ್ರವೋ? ಬಾಡಿಗೆದಾರರು 20,000 ರೂ. ಕಳಿಸುತ್ತಲೇ ಹೋಗಿ, ಎಂಟು ತಿಂಗಳ ನಂತರ ಓನರ್ 'ತಿಂಗಳಿಗೆ 1,000ದಂತೆ 8,000 ಬಾಕಿ ಇದೆ' ಎಂದು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುವ ಜಗಳದ ಬೇರು ಈ ವಾಕ್ಯದಲ್ಲಿದೆ.

ಯಾರೂ ಏನೂ ಮಾಡದೆ ಸುಮ್ಮನಿದ್ದರೆ

ಎಲ್ಲಕ್ಕಿಂತ ಹೆಚ್ಚು ನಡೆಯುವುದು ಇದೇ. ತಾರೀಖು ದಾಟುತ್ತದೆ, ಬಾಡಿಗೆ ಯುಪಿಐನಲ್ಲಿ ಹೋಗುತ್ತಲೇ ಇರುತ್ತದೆ, ಇಬ್ಬರಿಗೂ ನೆನಪಿರುವುದಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 111ನೇ ಕಲಂ ಪ್ರಕಾರ ನಿಗದಿತ ಅವಧಿ ತೀರಿದ ಕ್ಷಣ ಗುತ್ತಿಗೆ ಕೊನೆಗೊಳ್ಳುತ್ತದೆ. ಆದರೆ ಬಾಡಿಗೆದಾರರು ಮನೆಯಲ್ಲೇ ಉಳಿದು, ಓನರ್ ಬಾಡಿಗೆ ಪಡೆದು ಅಥವಾ ಬೇರೆ ರೀತಿಯಲ್ಲಿ ಸಮ್ಮತಿಸಿದರೆ 116ನೇ ಕಲಂ ಅನ್ವಯವಾಗುತ್ತದೆ: ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ವಾಸದ ಮನೆಯ ಬಾಡಿಗೆ ತಿಂಗಳಿಂದ ತಿಂಗಳಿಗೆ ನವೀಕರಣವಾಗುತ್ತದೆ. ಇನ್ನೊಂದು ಹನ್ನೊಂದು ತಿಂಗಳು ಸಿಕ್ಕಿತು ಎಂದುಕೊಂಡಿದ್ದರೆ ತಪ್ಪು. ಸಿಕ್ಕಿದ್ದು ಒಂದೊಂದೇ ತಿಂಗಳು.

ಇಂಥ ತಿಂಗಳ ಬಾಡಿಗೆಯನ್ನು ಮುಗಿಸಲು 106ನೇ ಕಲಂ 15 ದಿನದ ಲಿಖಿತ ನೋಟಿಸ್ ಕೇಳುತ್ತದೆ. ನೋಟಿಸ್ ಕೊಡುವವರು ಸಹಿ ಮಾಡಿರಬೇಕು. ಅಂಚೆಯಲ್ಲಿ ಕಳಿಸಬಹುದು, ಕೈಗೆ ಕೊಡಬಹುದು, ಮನೆಯಲ್ಲಿ ಅವರ ಕುಟುಂಬದವರಿಗೆ ಕೊಡಬಹುದು, ಅದಾವುದೂ ಆಗದಿದ್ದರೆ ಮನೆಯ ಎದ್ದುಕಾಣುವ ಜಾಗದಲ್ಲಿ ಅಂಟಿಸಬಹುದು. ಹಿಂದೆ ಈ 15 ದಿನ ಬಾಡಿಗೆ ತಿಂಗಳ ಕೊನೆಗೇ ಮುಗಿಯಬೇಕಿತ್ತು. ಒಂದು ದಿನ ತಪ್ಪಿದರೂ ನೋಟಿಸ್ ಬಿದ್ದುಹೋಗುತ್ತಿತ್ತು. 2002ರ ತಿದ್ದುಪಡಿಯ ನಂತರ ನೋಟಿಸ್ ತಲುಪಿದ ದಿನದಿಂದ ಎಣಿಕೆ. ದಿನಗಳು ಕಡಿಮೆ ಬಿದ್ದರೂ, ದಾವೆ ಹೂಡುವ ಹೊತ್ತಿಗೆ 15 ದಿನ ಕಳೆದಿದ್ದರೆ ನೋಟಿಸ್ ಸಿಂಧು.

ಹಾಗಾದರೆ ಹಳೆಯ ಕಾಗದದಲ್ಲಿದ್ದ 'ಎರಡು ತಿಂಗಳ ನೋಟಿಸ್' ಏನಾಯಿತು? ಅವಧಿ ಮುಗಿದ ಮೇಲೂ ಅದು ನಡೆಯುತ್ತದೆ ಎಂದು ಬಾಡಿಗೆದಾರರು ವಾದಿಸಬಹುದು, ಕರಾರೇ ಮುಗಿದಿದೆ, 15 ದಿನ ಸಾಕು ಎಂದು ಓನರ್ ವಾದಿಸಬಹುದು. ಈ ವಾದಕ್ಕೆ ಅವಕಾಶವೇ ಇಲ್ಲದಂತೆ ಮಾಡಲು ಒಂದು ವಾಕ್ಯ ಸಾಕಿತ್ತು. ಕಾಯ್ದೆಯೇ 'ಬೇರೆ ಒಪ್ಪಂದ ಇಲ್ಲದಿದ್ದಲ್ಲಿ' ಎಂದು ಆ ಜಾಗವನ್ನು ಖಾಲಿ ಬಿಟ್ಟುಕೊಟ್ಟಿದೆ. ರೆಡಿಮೇಡ್ ನಮೂನೆ ಅದನ್ನು ಖಾಲಿಯಾಗಿಯೇ ಬಿಟ್ಟಿದೆ. ಇದರ ದೊಡ್ಡ ದೋಷ ಇದು.

ಓನರ್ 'ಬೇಡ' ಎಂದರೆ

ಅವಧಿ ಮುಗಿದೇ ಗುತ್ತಿಗೆ ಕೊನೆಗೊಂಡಿದ್ದರೆ ಮತ್ತೆ ಪ್ರತ್ಯೇಕ ನೋಟಿಸ್ ಬೇಕಿಲ್ಲ. ಮನೆಯನ್ನು ವಾಪಸ್ ಒಪ್ಪಿಸುವುದು 108ನೇ ಕಲಮಿನ ಪ್ರಕಾರ ಬಾಡಿಗೆದಾರರ ಹೊಣೆ. ಆದರೂ ಮುಗಿಯುವ ಮೊದಲೇ ಓನರ್ ಒಂದು ಸಾಲು ಬರೆದು ತಿಳಿಸುವುದರಲ್ಲಿ ದೊಡ್ಡ ಲಾಭವಿದೆ. ಸುಮ್ಮನೆ ಬಾಡಿಗೆ ಪಡೆಯುತ್ತ ಹೋದರೆ ಸಮ್ಮತಿ ಕೊಟ್ಟಂತೆ ಕಾಣುತ್ತದೆ. 'ಮುಂದುವರಿಸುವ ಇಚ್ಛೆ ಇಲ್ಲ, ಇನ್ನು ಮುಂದೆ ಬರುವ ಹಣವನ್ನು ವಾಸಕ್ಕೆ ಪರಿಹಾರ ಎಂದು ಮಾತ್ರ ಪಡೆಯುತ್ತೇನೆ' ಎಂದು ಬರೆದಿಟ್ಟರೆ ಚಿತ್ರವೇ ಬೇರೆ. ಕೇವಲ ಬಾಡಿಗೆ ಸ್ವೀಕರಿಸಿದ ಮಾತ್ರಕ್ಕೆ ಗುತ್ತಿಗೆ ನವೀಕರಣವಾಯಿತು ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಶಾಂತಿ ಪ್ರಸಾದ್ ದೇವಿ ಪ್ರಕರಣದಲ್ಲಿ ಹೇಳಿದೆ.

ಇಷ್ಟಾದರೂ ಬೀಗ ಬದಲಿಸುವುದು, ಕರೆಂಟ್ ಫ್ಯೂಸ್ ಕೀಳುವುದು, ನೀರಿನ ವಾಲ್ವ್ ತಿರುಗಿಸುವುದು, ಸಾಮಾನು ಹೊರಗಿಡುವುದು ಇದ್ಯಾವುದಕ್ಕೂ ಅವಧಿ ಮುಗಿದ ಕಾಗದ ಪರವಾನಗಿ ಅಲ್ಲ. ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ, ಹೊರಹಾಕಿದ ದಿನದಿಂದ ಆರು ತಿಂಗಳೊಳಗೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ದಾವೆ ಹೂಡಿ ಸ್ವಾಧೀನ ವಾಪಸ್ ಪಡೆಯಬಹುದು. ಮನೆ ಯಾರದು ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. 'ಅವಧಿ ಮುಗಿದ ತಕ್ಷಣ ಮಾಲೀಕರು ಬೀಗ ಹಾಕಿಕೊಳ್ಳುವ ಹಕ್ಕುಳ್ಳವರು' ಎಂಬ ಸಾಲು ಕೆಲವು ನಮೂನೆಗಳಲ್ಲಿ ಇರುತ್ತದೆ. ಅದನ್ನು ನಂಬಿ ನಡೆದ ಓನರ್ ತಾವೇ ಸಿಕ್ಕಿಬೀಳುತ್ತಾರೆ, ಹಾಗಾಗಿ ಇದು ಅವರಿಗೂ ಒಳ್ಳೆಯ ವಾಕ್ಯವಲ್ಲ.

ಬಾಡಿಗೆದಾರರ ಕಡೆಗೂ ಒಂದು ಎಚ್ಚರಿಕೆ. ಒಪ್ಪಿಗೆ ಇಲ್ಲದೆ ಉಳಿದಷ್ಟು ದಿನಕ್ಕೆ ಕೋರ್ಟು ಹಳೆಯ ಬಾಡಿಗೆಗಿಂತ ಹೆಚ್ಚಿನ, ಮಾರುಕಟ್ಟೆ ದರದ ಪರಿಹಾರ ಕೊಡಿಸಬಹುದು. ಕಾಗದದಲ್ಲಿ 'ದಿನಕ್ಕೆ ಇಷ್ಟು ದಂಡ' ಎಂದು ಬಾಯಿಗೆ ಬಂದ ಮೊತ್ತ ಬರೆದಿದ್ದರೆ ಅದೇ ಅಂತಿಮವೂ ಅಲ್ಲ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ಅದರೊಳಗೆ ನ್ಯಾಯವೆನಿಸಿದಷ್ಟು ಸಿಗುತ್ತದೆ. ಎರಡು ಪಟ್ಟು ಬಾಡಿಗೆಯಂಥ ಅಂಕಿ ಹಾಕಿದರೆ ಅದಕ್ಕೊಂದು ಆಧಾರವಾದರೂ ಇದೆ: ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಮೊದಲ ಎರಡು ತಿಂಗಳಿಗೆ ದುಪ್ಪಟ್ಟು, ಆಮೇಲೆ ನಾಲ್ಕು ಪಟ್ಟು ಎಂದಿದೆ. ಅದು ಮಾದರಿ ಮಾತ್ರ, ರಾಜ್ಯ ತನ್ನದೇ ಕಾನೂನು ಮಾಡಿದರಷ್ಟೇ ಜಾರಿ.

1999ರ ಕರ್ನಾಟಕ ಬಾಡಿಗೆ ಕಾಯ್ದೆ ರಕ್ಷಣೆಗೆ ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂ., ಉಳಿದೆಡೆ 2,000 ರೂ. ಮೀರಿದ ಬಾಡಿಗೆಗೆ ಅದು ಅನ್ವಯಿಸುವುದೇ ಇಲ್ಲ. ಇಂದಿನ ಬಾಡಿಗೆಗಳಲ್ಲಿ ಆ ಮಿತಿಯೊಳಗಿನ ಮನೆ ಹುಡುಕುವುದೇ ಕಷ್ಟ.

ರಿನ್ಯೂವಲ್ ಸೇವೆಯಲ್ಲಿ ಕೆಡುವ ಮೂರು ಜಾಗ

ಹೊಸ ಕಾಗದ ಮಾಡಿಸಲು ಹೋದಾಗ ಅಂಗಡಿಯವರು ಹಳೆಯ ಫೈಲ್ ತೆರೆದು ತಾರೀಖು ಮತ್ತು ಬಾಡಿಗೆ ಬದಲಿಸಿ ಪ್ರಿಂಟ್ ಕೊಡುತ್ತಾರೆ. ವೆಬ್‌ಸೈಟಿನಲ್ಲಿ ಒಂದು ಗುಂಡಿ ಒತ್ತಿದರೆ ಅಷ್ಟೇ ಕೆಲಸ ಆಗುತ್ತದೆ. ವೇಗಕ್ಕೆ ಮೆಚ್ಚುಗೆ ಇದೆ, ತಪ್ಪು ನುಸುಳುವುದೂ ಆ ವೇಗದಲ್ಲೇ.

ಅಡ್ವಾನ್ಸ್ ಸಾಲು ಹಾಗೇ ಉಳಿದಿರುತ್ತದೆ: 'ಈ ದಿನ ಮುಂಗಡವಾಗಿ 1,00,000 ರೂ. ಸ್ವೀಕರಿಸಲಾಗಿದೆ.' ಈ ದಿನ ಯಾರೂ ಏನೂ ಕೊಟ್ಟಿಲ್ಲ, ಕೊಟ್ಟದ್ದು ಹೋದ ವರ್ಷ. ಹಳೆಯ ಕಾಗದವೂ ಹೊಸ ಕಾಗದವೂ ಬಾಡಿಗೆದಾರರ ಬಳಿ ಇದ್ದರೆ ಓನರ್ ಎರಡು ಲಕ್ಷಕ್ಕೆ ರಸೀದಿ ಕೊಟ್ಟಂತಾಯಿತು. ಉಲ್ಟಾ ಸಂದರ್ಭದಲ್ಲಿ, ಅಡ್ವಾನ್ಸ್ ಸಾಲನ್ನೇ ಅಳಿಸಿಬಿಟ್ಟರೆ ಬಾಡಿಗೆದಾರರ ಹಣಕ್ಕೆ ಚಾಲ್ತಿ ಕಾಗದದಲ್ಲಿ ದಾಖಲೆಯೇ ಇರುವುದಿಲ್ಲ. ಸರಿಯಾದ ರೂಪ ಇದು: 'ದಿನಾಂಕ ಇಂಥದ್ದರ ಹಿಂದಿನ ಕರಾರಿನ ಮೇರೆಗೆ ಪಡೆದ 1,00,000 ರೂ. ಮುಂಗಡವನ್ನೇ ಈ ಕರಾರಿಗೂ ಮುಂದುವರಿಸಲಾಗಿದೆ, ಹೊಸದಾಗಿ ಯಾವ ಮೊತ್ತವನ್ನೂ ಪಡೆದಿಲ್ಲ.'

ಎರಡನೆಯದು ತಾರೀಖು. ಅವಧಿ ಮುಗಿದು ಮೂರು ತಿಂಗಳ ನಂತರ ನೆನಪಾಗಿ, ಹಿಂದಿನ ತಾರೀಖು ಹಾಕಿ ಬರೆಸುತ್ತಾರೆ. ಇ-ಸ್ಟಾಂಪ್ ಹಾಳೆಯ ತಲೆಯಲ್ಲೇ ಅದು ಕೊಟ್ಟ ದಿನ, ಹೊತ್ತು ಅಚ್ಚಾಗಿರುತ್ತದೆ. ಸ್ಟಾಂಪ್ ಹುಟ್ಟುವ ಮೊದಲೇ ಸಹಿ ಬಿದ್ದಂತೆ ತೋರಿಸುವ ಪತ್ರ ಮೊದಲ ನೋಟದಲ್ಲೇ ಅನುಮಾನಕ್ಕೆ ಗುರಿ. ಸಹಿಯ ತಾರೀಖು ಇಂದಿನದೇ ಇರಲಿ, 'ಬಾಡಿಗೆ ಅವಧಿ ಇಂಥ ದಿನದಿಂದ ಎಣಿಕೆ' ಎಂದು ಒಳಗೆ ಬರೆಯಿರಿ. ಇದು ಪ್ರಾಮಾಣಿಕವೂ ಹೌದು, ಸುಲಭವೂ ಹೌದು.

ಮೂರನೆಯದು ಸ್ಟಾಂಪ್ ಮೊತ್ತ. ಬಾಡಿಗೆ ಏರಿದ್ದರೂ ಹೋದ ಸಲದ ಮೊತ್ತದ ಸ್ಟಾಂಪನ್ನೇ ತೆಗೆಯುತ್ತಾರೆ. ಶುಲ್ಕ ಕಡಿಮೆ ಬಿದ್ದ ಪತ್ರವನ್ನು ಕೋರ್ಟಿನಲ್ಲಿ ಹಾಜರುಪಡಿಸಿದರೆ ಕರ್ನಾಟಕ ಮುದ್ರಾಂಕ ಕಾಯ್ದೆಯ 34ನೇ ಕಲಂ ಅಡ್ಡ ಬರುತ್ತದೆ. ಕೊರತೆ ಮೊತ್ತದ ಜತೆ ಅದರ ಹತ್ತು ಪಟ್ಟು ದಂಡ ಕಟ್ಟಿದ ಮೇಲೆಯೇ ಅದನ್ನು ಸಾಕ್ಷ್ಯವಾಗಿ ಓದುತ್ತಾರೆ.

ಅಡ್ವಾನ್ಸ್ ವಾಪಸ್

'ಮನೆ ಖಾಲಿ ಮಾಡಿದ ನಂತರ ಬಡ್ಡಿರಹಿತವಾಗಿ ಹಿಂತಿರುಗಿಸತಕ್ಕದ್ದು' ಎಂದಿರುತ್ತದೆ. 'ನಂತರ' ಎಂದರೆ ಅದೇ ದಿನವೋ, ಹೊಸ ಬಾಡಿಗೆದಾರರು ಬಂದು ಅಡ್ವಾನ್ಸ್ ಕೊಟ್ಟ ಮೇಲೋ? ದಿನದ ಲೆಕ್ಕ ಬರೆಯದ ಕರಾರಿನಲ್ಲಿ ಎರಡನೆಯದೇ ನಡೆಯುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೇಳುವ ರೂಢಿ ಹಳೆಯದು, ಆದ್ದರಿಂದ ಸಿಕ್ಕಿಕೊಳ್ಳುವ ಹಣವೂ ದೊಡ್ಡದೇ.

ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಷರತ್ತು ಹೆಚ್ಚುಕಡಿಮೆ ಎಲ್ಲ ನಮೂನೆಯಲ್ಲೂ ಇದೆ. ಅದಕ್ಕೆ ಸಹಿ ಹಾಕಿದ್ದರೆ ಒಪ್ಪಲೇಬೇಕಾಗುತ್ತದೆ. ಆದರೆ ಪೇಂಟಿಂಗ್ ಹಣ ಹಿಡಿದ ಮೇಲೆ ಮತ್ತೆ 'ಗೋಡೆ ಕೊಳಕಾಗಿದೆ' ಎಂದು ಹಿಡಿಯುವಂತಿಲ್ಲ, ಒಂದೇ ಗೋಡೆಗೆ ಎರಡು ಸಲ ದುಡ್ಡಾಗುತ್ತದೆ. ಬಳಕೆಯಿಂದ ಸಹಜವಾಗಿ ಆಗುವ ಸವೆತಕ್ಕೆ ಬಾಡಿಗೆದಾರರು ಹೊಣೆಯಲ್ಲ, 108ನೇ ಕಲಂ ಅದನ್ನು ಹೊರಗಿಟ್ಟಿದೆ. ನಲ್ಲಿಯ ವಾಷರ್ ಸವೆದದ್ದು ಸವೆತ, ಸಿಂಕ್ ಬಿರುಕು ಬಿಟ್ಟದ್ದು ಹಾನಿ.

ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲೇ ಕಳೆದುಕೊಳ್ಳುವುದಾದರೆ ಮೆಸೇಜಿನಲ್ಲಾದರೂ ಒಪ್ಪಿಗೆ ಇರಲಿ. ತಿಂಗಳ ಬಾಡಿಗೆ 50,000 ಮೀರುವ ಮನೆಯಲ್ಲಿ ಇದಕ್ಕೊಂದು ತೊಡಕಿದೆ. ವರ್ಷದ ನಡುವೆ ಮನೆ ಬಿಡುವವರು ಆ ಆರ್ಥಿಕ ವರ್ಷದ ಒಟ್ಟು ಬಾಡಿಗೆಯ ಶೇ 2ರಷ್ಟು ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಅನ್ನು ಕೊನೆಯ ತಿಂಗಳ ಬಾಡಿಗೆಯಲ್ಲಿ ಹಿಡಿಯಬೇಕು, ಬಾಡಿಗೆ ಅಡ್ವಾನ್ಸ್‌ನಲ್ಲಿ ಕಳೆದುಹೋದಾಗ ಇದನ್ನು ಮರೆಯುತ್ತಾರೆ.

ಲೀಸ್ ಮನೆಗೆ ಈ ನಮೂನೆ ಬೇಡವೇ ಬೇಡ

ನಮ್ಮಲ್ಲಿ 'ಲೀಸ್‌ಗೆ ಮನೆ' ಎಂದರೆ ಬೇರೆಯೇ ವ್ಯವಹಾರ. ಹತ್ತೋ ಹದಿನೈದೋ ಲಕ್ಷ ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಎರಡು ಮೂರು ವರ್ಷ ಇದ್ದು, ಹೋಗುವಾಗ ಪೂರ್ತಿ ಹಣ ವಾಪಸ್ ಪಡೆಯುವ ಭೋಗ್ಯ. ಇದಕ್ಕೂ ಅದೇ ರೆಡಿಮೇಡ್ ಫೈಲ್ ತೆರೆದು, ಬಾಡಿಗೆ ಜಾಗದಲ್ಲಿ 'ಇಲ್ಲ' ಎಂದು ಟೈಪ್ ಮಾಡಿಕೊಡುವ ಅಂಗಡಿಗಳಿವೆ. ಜೀವಮಾನದ ಉಳಿತಾಯವನ್ನು ಎರಡು ಪುಟದ ನೋಂದಣಿಯಾಗದ ಕಾಗದದ ಮೇಲೆ ಇಟ್ಟಂತೆ ಇದು. ಇದಕ್ಕೆ ಸೊನ್ನೆ ಅಂಕ.

ಅವಧಿ ಮುಗಿದಾಗ ಓನರ್ ಬಳಿ ಹಣ ಇರುವುದಿಲ್ಲ ಎಂಬುದೇ ಇಲ್ಲಿನ ಮುಖ್ಯ ತೊಂದರೆ. ಆ ಹಣ ಕಟ್ಟಡಕ್ಕೋ ಇನ್ನೊಂದು ಸಾಲಕ್ಕೋ ಹೋಗಿರುತ್ತದೆ. ಮುಂದಿನ ಲೀಸ್‌ದಾರರು ಸಿಕ್ಕರೆ ಮಾತ್ರ ಇವರಿಗೆ ದುಡ್ಡು. ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಕಂತು ನಿಂತಿದ್ದರಂತೂ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕೇ ಮನೆಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ಬ್ಯಾಂಕಿಗೆ ಗೊತ್ತಿಲ್ಲದ, ರಿಜಿಸ್ಟರ್ ಆಗದ ಲೀಸ್ ಕಾಗದ ಅದರೆದುರು ನಿಲ್ಲುವುದು ತೀರಾ ಕಷ್ಟ.

ಆದ್ದರಿಂದ ಲೀಸ್ ಪತ್ರ ವಕೀಲರಿಂದಲೇ ಬರೆಸಿ, ರಿಜಿಸ್ಟರ್ ಮಾಡಿಸಿ. ಹಣ ಕೊಡುವ ಮೊದಲು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಇಸಿ (ಆಸ್ತಿಯ ಋಣಭಾರ ಪತ್ರ) ತೆಗೆಸಿ: ವ್ಯವಹಾರಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. 16 ಬಂತೆಂದು ನಿಶ್ಚಿಂತೆ ಬೇಡ. ಮೂಲಪತ್ರವನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ನೋಂದಣಿಯಾಗದಿದ್ದರೆ ಇಸಿಯಲ್ಲಿ ಕಾಣದು, ಹಾಗಾಗಿ ಮೂಲ ಕ್ರಯಪತ್ರವನ್ನೇ ತೋರಿಸಲು ಕೇಳಿ. ಜೆರಾಕ್ಸ್ ಮಾತ್ರ ಇದೆ ಎಂದರೆ ಮೂಲ ಎಲ್ಲಿದೆ ಎಂದು ಕೇಳುವುದು ನಿಮ್ಮ ಹಕ್ಕು. ಹಣ ಪೂರ್ತಿ ಕೈಸೇರುವ ತನಕ ಯಾವ ಬಾಡಿಗೆಯೂ ಇಲ್ಲದೆ ಸ್ವಾಧೀನ ಉಳಿಸಿಕೊಳ್ಳಬಹುದು ಎಂಬ ವಾಕ್ಯ ಪತ್ರದಲ್ಲಿ ಇರಲೇಬೇಕು. ಅದಿಲ್ಲದಿದ್ದರೆ ಅವಧಿ ಮುಗಿದ ಮರುದಿನದಿಂದ 'ಬಾಡಿಗೆ ಕೊಡಿ' ಎಂಬ ಬೇಡಿಕೆ ಬರುತ್ತದೆ.

ಸೇರಿಸಬೇಕಾದ ಆರು ವಾಕ್ಯ

ಸಾಮಾನ್ಯ ಬಾಡಿಗೆ ಮನೆಗೆ ಇಷ್ಟು ಸಾಕು. ಅಂಗಡಿಯವರಿಗೆ ಹೀಗೇ ಕೊಟ್ಟು ಟೈಪ್ ಮಾಡಿಸಿ:

'ಅವಧಿ ಮುಗಿಯುವ 30 ದಿನ ಮುಂಚೆ ಮುಂದುವರಿಕೆ ಬೇಕೋ ಬೇಡವೋ ಎಂಬುದನ್ನು ಉಭಯತ್ರರು ಲಿಖಿತವಾಗಿ ತಿಳಿಸತಕ್ಕದ್ದು, ವಾಟ್ಸ್ಆ್ಯಪ್ ಅಥವಾ ಇಮೇಲ್ ಸಂದೇಶವನ್ನು ಲಿಖಿತವೆಂದು ಭಾವಿಸಲಾಗುವುದು. ಹೊಸ ಕರಾರು ಆಗದೆ ವಾಸ ಮುಂದುವರಿದು ಬಾಡಿಗೆ ಸ್ವೀಕೃತವಾದಲ್ಲಿ ಅದು ತಿಂಗಳ ಬಾಡಿಗೆಯಾಗಿದ್ದು, ಯಾರೇ ಮುಗಿಸಬೇಕಾದರೂ 30 ದಿನಗಳ ನೋಟಿಸ್ ಕೊಡತಕ್ಕದ್ದು. ಬಾಡಿಗೆ ಹೆಚ್ಚಳವು ಹೊಸ ಕರಾರು ಅಥವಾ ಲಿಖಿತ ಒಪ್ಪಿಗೆಯ ದಿನದಿಂದ ಮಾತ್ರ ಅನ್ವಯಿಸುವುದು. ನೋಟಿಸ್ ಅವಧಿಯ ನಂತರವೂ ಸ್ವಾಧೀನ ಒಪ್ಪಿಸದಿದ್ದಲ್ಲಿ ಆ ದಿನಗಳಿಗೆ ಬಾಡಿಗೆಯ ಎರಡು ಪಟ್ಟು ಪರಿಹಾರ ಕೊಡತಕ್ಕದ್ದು. ಬೀಗದ ಕೈ ಒಪ್ಪಿಸಿದ 7 ದಿನಗಳೊಳಗೆ, ಕಡಿತಗಳ ಬರಹದ ಲೆಕ್ಕದೊಂದಿಗೆ, ಮುಂಗಡದ ಬಾಕಿಯನ್ನು ಬ್ಯಾಂಕ್ ಖಾತೆಗೆ ಹಿಂತಿರುಗಿಸತಕ್ಕದ್ದು. ಸಹಜ ಸವೆತಕ್ಕೆ ಕಡಿತವಿಲ್ಲ.'

ಇದನ್ನು ಎಲ್ಲಿ ಸೇರಿಸಲು ಬಿಡುತ್ತಾರೆ ಎಂಬುದರ ಮೇಲೆ ಸೇವೆಯನ್ನು ಆರಿಸಿಕೊಳ್ಳಿ. ಟೈಪಿಂಗ್ ಅಂಗಡಿಯಲ್ಲಿ ಎದುರಿಗೆ ಕೂತು ಹೇಳಿದರೆ ಸೇರಿಸಿಕೊಡುತ್ತಾರೆ, ಅದೇ ಅವರ ದೊಡ್ಡ ಗುಣ. ಆನ್‌ಲೈನ್ ಸೇವೆಯಾದರೆ ಹಣ ಕಟ್ಟುವ ಮೊದಲು ಎರಡು ವಿಷಯ ನೋಡಿ: ಹೆಚ್ಚುವರಿ ಷರತ್ತು ಬರೆಯಲು ಖಾಲಿ ಜಾಗ ಇದೆಯೇ, ಪೂರ್ತಿ ಕರಡನ್ನು ಓದಲು ಕೊಡುತ್ತಾರೆಯೇ. ಎರಡೂ ಇಲ್ಲದಿದ್ದರೆ ಬಿಟ್ಟುಬಿಡಿ. ಇಂಗ್ಲಿಷಿನಲ್ಲೇ ಬರುವ ಕಾಗದವನ್ನು ಓನರ್ ಅಥವಾ ಬಾಡಿಗೆದಾರರು ಓದಲಾರರು ಎಂದಾದರೆ ಕನ್ನಡದ್ದನ್ನೇ ಕೇಳಿ, ಕೇಳಿದರೆ ಸಿಗುತ್ತದೆ.

ಕೊನೆಯದಾಗಿ ಯಾವ ಸೇವೆಯವರೂ ಕೊಡದ ಒಂದು ಕಾಗದ: ಸ್ವಾಧೀನ ಒಪ್ಪಿಸಿದ ಪತ್ರ. ಇದಕ್ಕೆ ಬಿಳಿ ಹಾಳೆಯೇ ಸಾಕು. ಮನೆ ಬಿಟ್ಟ ದಿನ ಮತ್ತು ಹೊತ್ತು, ಕೊಟ್ಟ ಬೀಗದ ಕೈಗಳ ಸಂಖ್ಯೆ, ಕರೆಂಟ್ ಮೀಟರಿನ ಆರ್‌ಆರ್ ನಂಬರ್ ಮತ್ತು ಆ ದಿನದ ರೀಡಿಂಗ್, ಉಳಿದ ಬಿಲ್ ಯಾರು ಕಟ್ಟುವುದು, ಅಡ್ವಾನ್ಸ್‌ನಲ್ಲಿ ಬಂದದ್ದೆಷ್ಟು, ಬರಬೇಕಾದದ್ದೆಷ್ಟು. ಆ ಮೀಟರಿಗೆ ನಿಮ್ಮ ಹೆಸರಿನಲ್ಲಿ ಗೃಹ ಜ್ಯೋತಿ ಜೋಡಿಸಿದ್ದರೆ ಅದೇ ದಿನ ಸೇವಾ ಸಿಂಧುವಿನಲ್ಲಿ ಡಿ-ಲಿಂಕ್ ಮಾಡಿ, ಇಲ್ಲದಿದ್ದರೆ ಹೊಸ ಮನೆಯ ಮೀಟರಿಗೆ ಜೋಡಿಸಲು ತೊಡಕಾಗುತ್ತದೆ. ಪತ್ರದ ಎರಡು ಪ್ರತಿ ಮಾಡಿ ಎರಡಕ್ಕೂ ಇಬ್ಬರೂ ಸಹಿ ಹಾಕಿ. ಮೀಟರ್ ಪರದೆಯ ಫೋಟೊ ತೆಗೆಯುವುದು ಬೀಗ ಹಾಕುವ ಮೊದಲು.